ಸಂಕಷ್ಟಹರ ಚತುರ್ಥಿಯ ಉಪವಾಸ ಕೆಲವು ತಿಂಗಳು ತದಿಗೆಯ ದಿನವೇ ಬರುವುದೇಕೆ?

ಸಂಕಷ್ಟಹರ ಚತುರ್ಥಿಯನ್ನು ನಿರ್ಧರಿಸುವುದು ಸೂರ್ಯೋದಯದ ತಿಥಿಯಲ್ಲ, ಚಂದ್ರೋದಯದ ಹೊತ್ತಿಗೆ ಇರುವ ತಿಥಿ. ಆದ್ದರಿಂದಲೇ ಕ್ಯಾಲೆಂಡರಿನಲ್ಲಿ ತದಿಗೆ ಎಂದು ಅಚ್ಚಾದ ದಿನವೂ ಉಪವಾಸ ಬರುವುದುಂಟು.

ಚಂದ್ರನು ಸೂರ್ಯನಿಗಿಂತ 12 ಡಿಗ್ರಿಯಷ್ಟು ಮುಂದೆ ಸಾಗಲು ತೆಗೆದುಕೊಳ್ಳುವ ಕಾಲವೇ ಒಂದು ತಿಥಿ. ಚಂದ್ರನ ವೇಗ ಏಕರೂಪವಲ್ಲವಾದ್ದರಿಂದ ಈ ಅವಧಿ ಸುಮಾರು 19ರಿಂದ 26 ಗಂಟೆಗಳ ನಡುವೆ ಹಿಗ್ಗಿ ಕುಗ್ಗುತ್ತದೆ. ಹಗಲಾಗಲಿ ರಾತ್ರಿಯಾಗಲಿ, ಯಾವ ಹೊತ್ತಿನಲ್ಲಾದರೂ ತಿಥಿ ಬದಲಾಗಬಹುದು. ಆದರೂ ಸೂರ್ಯೋದಯದಲ್ಲಿರುವ ತಿಥಿಯನ್ನೇ ಇಡೀ ದಿನದ ಹೆಸರಾಗಿ ಬರೆಯುವುದು ರೂಢಿ.

ಮೈಸೂರಿನ ಅನೇಕ ಮನೆಗಳಲ್ಲಿ ಗೋಡೆಯ ಮೊಳೆಗೆ ತೂಗುವ ಒಂಟಿಕೊಪ್ಪಲ್ ಪಂಚಾಂಗದಲ್ಲಿ ತದಿಗೆಯ ಮುಂದೆ 20 ಘಳಿಗೆ ಎಂದಿದೆಯೆನ್ನಿ. ಸೂರ್ಯೋದಯದಿಂದ ಎಣಿಸುವ ಒಂದು ಘಳಿಗೆಗೆ 24 ನಿಮಿಷ. ಸೂರ್ಯೋದಯ 6.15ಕ್ಕಾದರೆ ತದಿಗೆ ಮಧ್ಯಾಹ್ನ 2.15ಕ್ಕೆ ಮುಗಿದು ಚೌತಿ ಹಿಡಿಯುತ್ತದೆ. ರಾತ್ರಿ ಒಂಬತ್ತರ ಸುಮಾರಿಗೆ ಚಂದ್ರ ಮೂಡುವಾಗ ಇರುವುದು ಚೌತಿಯೇ. ಮರುದಿನ ಕ್ಯಾಲೆಂಡರಿನಲ್ಲಿ ಚೌತಿಯೆಂದಿದ್ದರೂ ಚಂದ್ರ ಕಾಣುವ ಹೊತ್ತಿಗೆ ಪಂಚಮಿ ಬಂದಿರುತ್ತದೆ. ಹಗಲೆಲ್ಲ ಉಪವಾಸವಿದ್ದು, ಚಂದ್ರನನ್ನು ಕಂಡು ಅರ್ಘ್ಯ ಕೊಟ್ಟ ಮೇಲೆಯೇ ಊಟ ಮಾಡುವ ವ್ರತವಾದ್ದರಿಂದ ಚೌತಿಯೂ ಚಂದ್ರನೂ ಒಟ್ಟಿಗೆ ಸಿಗುವುದೇ ಇಲ್ಲಿ ಮುಖ್ಯ. ಶಿವರಾತ್ರಿಗೆ ನಡುರಾತ್ರಿಯ ತಿಥಿಯನ್ನೂ ರಾಮನವಮಿಗೆ ನಡುಹಗಲಿನ ತಿಥಿಯನ್ನೂ ನೋಡುವುದು ಇದೇ ನ್ಯಾಯದಿಂದ.

ಚಂದ್ರೋದಯದ ವೇಳೆ ಊರಿಂದ ಊರಿಗೆ ಬದಲಾಗುವುದರಿಂದ, ದೆಹಲಿಯ ಸಮಯ ತೋರಿಸುವ ಆ್ಯಪ್‌ಗಿಂತ ನಮ್ಮ ಕಡೆಯ ಪಂಚಾಂಗವನ್ನೇ ನೋಡುವುದು ಮೇಲು. ಮೈಸೂರಿಗೂ ಮಂಡ್ಯಕ್ಕೂ ಇರುವ ವ್ಯತ್ಯಾಸ ಸುಮಾರು ಒಂದು ನಿಮಿಷ ಮಾತ್ರ.