ಹಾಲನ್ನು ಎರಡು ಸಲ ಕಾಯಿಸಿದರೆ ಕೀಟನಾಶಕ ಹೋಗುತ್ತಾ?

ಪ್ರಶ್ನೆ: ಹಾಲಿನಲ್ಲಿ ಕೀಟನಾಶಕದ ಅಂಶ ಇರುತ್ತೆ ಅಂತ ಓದಿದಾಗಿನಿಂದ ಹಾಲನ್ನು ಎರಡೆರಡು ಸಲ ಉಕ್ಕಿಸುತ್ತಿದ್ದೇನೆ. ಬೆಣ್ಣೆಯಲ್ಲಿ ಇನ್ನೂ ಜಾಸ್ತಿಯಂತೆ, ಅದನ್ನು ಬಿಟ್ಟೇಬಿಟ್ಟೆ. ಮೂರು ವರ್ಷದ ಮಗುವಿಗೆ ಹಾಲು ಕೊಡೋದನ್ನೂ ನಿಲ್ಲಿಸಲಾ?
– ಗಾಬರಿಯಲ್ಲಿರುವ ತಾಯಿ

ಉತ್ತರ: ಹಾಲು ನಿಲ್ಲಿಸಬೇಡಿ. ಎರಡನೇ ಸಲ ಉಕ್ಕಿಸೋದನ್ನು ಮಾತ್ರ ನಿಲ್ಲಿಸಿ, ಸುಮ್ನೆ ಗ್ಯಾಸ್ ದಂಡ. ಕುದಿಸಿದರೆ ಸಾಯೋದು ರೋಗಾಣು. ಡಿಡಿಟಿಯಂಥ ಹಳೇ ಕ್ಲೋರಿನ್ ಕೀಟನಾಶಕಗಳು ಆ ಬಿಸಿಗೆಲ್ಲ ಜಗ್ಗುವುದಿಲ್ಲ.

ಇವು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಮೇವಿನ ಜೊತೆ ಹಸುವಿನ ಹೊಟ್ಟೆ ಸೇರಿ, ಮೈಯ ಕೊಬ್ಬಿನಲ್ಲಿ ಕೂತು, ಆಮೇಲೆ ಹಾಲಿನ ಕೊಬ್ಬಿನ ಜೊತೆ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತವೆ. ಮಣ್ಣಿನಲ್ಲೂ ವರ್ಷಗಟ್ಟಲೆ ಉಳಿಯುತ್ತವೆ, ಹಾಗಾಗಿ ಸಿಂಪಡಣೆ ನಿಂತರೂ ಕಾಟ ತಪ್ಪಲ್ಲ. 1982ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಅಂಗಡಿಗಳಿಂದ ಹಾಲನ್ನು ವಾಪಸ್ ತೆಗೆಸಬೇಕಾಯಿತು. ಹಾಲಿಗೆ ಯಾರೂ ಏನೂ ಬೆರೆಸಿರಲಿಲ್ಲ. ಹೆಪ್ಟಾಕ್ಲೋರ್ ಎಂಬ ಇಂಥದೇ ಕೀಟನಾಶಕ ಹೊಡೆದಿದ್ದ ಅನಾನಸ್ ಗಿಡದ ಎಲೆಯನ್ನು ಹಸುಗಳಿಗೆ ಮೇವಾಗಿ ಹಾಕಿದ್ದರು, ಅಷ್ಟೇ.

ಬೆಣ್ಣೆ ವಿಷಯ ನೀವು ಓದಿದ್ದು ನಿಜ, ಆದರೆ ಅರ್ಧ ನಿಜ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಬ್ಬು, ಗಟ್ಟಿ ಹಾಲಿನಲ್ಲಿ 4 ಭಾಗ. ಆದರೆ ಬೆಣ್ಣೆಯನ್ನು ಯಾರೂ ಲೋಟದಲ್ಲಿ ಕುಡಿಯಲ್ಲ, ಅಲ್ವಾ? 10 ಗ್ರಾಂ ಬೆಣ್ಣೆಯಲ್ಲೂ 200 ಮಿಲಿ ಗಟ್ಟಿ ಹಾಲಿನಲ್ಲೂ ಕೊಬ್ಬು ಹೆಚ್ಚುಕಡಿಮೆ 8 ಗ್ರಾಂ. ಒಂದನ್ನು ಬಿಟ್ಟು ಇನ್ನೊಂದನ್ನು ಎರಡು ಲೋಟ ಕುಡಿದರೆ ಏನು ಉಳಿಸಿದ ಹಾಗಾಯಿತು?

ಕ್ಯಾನ್ಸರ್ ಭಯವೂ ನಿಮಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಲಿಂಡೇನ್ ಎಂಬ ಇನ್ನೊಂದು ಕ್ಲೋರಿನ್ ಕೀಟನಾಶಕ ಕ್ಯಾನ್ಸರ್ ತರುತ್ತದೆ, ಡಿಡಿಟಿ ಬಹುಶಃ ತರುತ್ತದೆ ಎಂದು ಹೇಳಿತು. ಲಿಂಡೇನ್ ಬಗ್ಗೆ ಮುಖ್ಯ ಪುರಾವೆ ಸಿಕ್ಕಿದ್ದು ಅದನ್ನು ಹೊಲದಲ್ಲಿ ಬಳಸಿದವರಿಂದ, ಹಾಲು ಕುಡಿದವರಿಂದಲ್ಲ. ಹಾಗಂತ ತಳ್ಳಿಹಾಕುವಂತೆಯೂ ಇಲ್ಲ. ಮಕ್ಕಳ ಮೈತೂಕ ಕಡಿಮೆ, ಹಾಲು ಜಾಸ್ತಿ, ಅದಕ್ಕೇ ಮೈತೂಕದ ಲೆಕ್ಕದಲ್ಲಿ ಅವರಿಗೆ ಸೇರುವ ಅಂಶ ಹೆಚ್ಚಾಗುತ್ತದೆ. ಎರಡು ವರ್ಷ ದಾಟಿದ ಮಗುವಿಗೆ ಕೆನೆ ತೆಗೆದ ಹಾಲು ಆಗುತ್ತದೆಯೇ ಅಂತ ನಿಮ್ಮ ಡಾಕ್ಟರನ್ನು ಕೇಳಿ ನೋಡಿ. ಕೊಬ್ಬು ಇಳಿದಷ್ಟೂ ಈ ಅಂಶವೂ ಇಳಿಯುತ್ತದೆ.

ಅಡುಗೆಮನೆಯಲ್ಲಿ ಇದಕ್ಕಿಂತ ಹೆಚ್ಚು ಮಾಡೋಕಾಗಲ್ಲ, ಮಿಕ್ಕಿದ್ದೆಲ್ಲ ಕೊಟ್ಟಿಗೆಯ ಕೆಲಸ. ಹಾಲು ಕೊಡುವವರ ಪರಿಚಯವಿದ್ದರೆ ಎರಡು ಮಾತು ಕೇಳಿ: ಮೇವು ಯಾವ ಹೊಲದ್ದು, ಹಸುವಿಗೆ ಉಣ್ಣಿ ಔಷಧಿ ಹಚ್ಚಿದ ಮೇಲೆ ಡಬ್ಬದ ಮೇಲೆ ಬರೆದಷ್ಟು ದಿನದ ಹಾಲನ್ನು ಮಾರದೆ ಬಿಡ್ತಾರಾ ಅಂತ.