ಮುಚ್ಚಳ ತೆರೆದಾಗ ಕಾಣುವಷ್ಟು: ಶೆರ್ಮನ್ ಟ್ಯಾಂಕಿನ ಒಳಾಂಗಣ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು 1:35 ಪ್ರಮಾಣದ ಎಂ4ಎ4 ಶೆರ್ಮನ್ ಟ್ಯಾಂಕಿನ ಮಾದರಿಯನ್ನು ಜೋಡಿಸುತ್ತಿದ್ದೇನೆ. 1945ರಲ್ಲಿ ಬರ್ಮಾದ ಮೇಕ್ಟಿಲಾದತ್ತ ಸಾಗಿದ ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಟ್ಯಾಂಕಾಗಿ ಅದನ್ನು ತೋರಿಸಬೇಕೆಂಬುದು ನನ್ನ ಆಸೆ. ಟರೆಟ್ಟಿನ (ಫಿರಂಗಿ ಹೊತ್ತ, ತಿರುಗುವ ಮೇಲ್ಭಾಗದ) ಮುಚ್ಚಳವನ್ನು ತೆರೆದಿಡಬೇಕೆಂದಿದ್ದೇನೆ, ಆದರೆ ಕಿಟ್ಟಿನಲ್ಲಿ ಫಿರಂಗಿಯ ಹಿಂಭಾಗವನ್ನು ಬಿಟ್ಟರೆ ಒಳಗಿಡಲು ಏನನ್ನೂ ಕೊಟ್ಟಿಲ್ಲ. ನೋಡಿದ ಚಿತ್ರಗಳಲ್ಲಿ ಒಳಬಣ್ಣ ಒಂದರಲ್ಲಿ ಬಿಳಿ, ಒಂದರಲ್ಲಿ ಹಸಿರು, ಮತ್ತೊಂದರಲ್ಲಿ ತುಕ್ಕುಗೆಂಪು. ಯಾವುದನ್ನು ನಂಬಲಿ, ಎಲ್ಲಿಂದ ಆರಂಭಿಸಲಿ?
– ಓದುಗರು, ಶಿವಮೊಗ್ಗ

ಉತ್ತರ: ತಾವು ವರ್ಷ, ಸ್ಥಳ, ರೆಜಿಮೆಂಟು ಮೂರನ್ನೂ ಮೊದಲೇ ನಿಗದಿಪಡಿಸಿಕೊಂಡಿದ್ದೀರಿ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ‘ಶೆರ್ಮನ್ನಿನ ಒಳಗೆ ಏನಿತ್ತು’ ಎಂಬ ಪ್ರಶ್ನೆಗೆ ಹತ್ತು ಉತ್ತರಗಳಿವೆ, ಏಕೆಂದರೆ ಶೆರ್ಮನ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಎಂಜಿನ್, ಬೇರೆ ಬೇರೆ ಒಡಲು, ಬೇರೆ ಬೇರೆ ಗುಂಡಿನ ಗೂಡುಗಳಿದ್ದ ಟ್ಯಾಂಕುಗಳು ತಯಾರಾದವು. ತಮ್ಮ ಎಂ4ಎ4 ಅಮೆರಿಕದ ಕ್ರೈಸ್ಲರ್ ಕಂಪನಿ ನಡೆಸುತ್ತಿದ್ದ ಡೆಟ್ರಾಯಿಟ್ ಕಾರ್ಖಾನೆಯಲ್ಲಿ ತಯಾರಾದ 7,499 ಟ್ಯಾಂಕುಗಳಲ್ಲಿ ಒಂದು. ಬ್ರಿಟಿಷರ ಲೆಕ್ಕದಲ್ಲಿ ಅದರ ಹೆಸರು ಶೆರ್ಮನ್ 5. ಕಾರಿನ ಐದು ಎಂಜಿನ್‌ಗಳನ್ನು ಒಟ್ಟಿಗೆ ಬೆಸೆದು ಮಾಡಿದ ಮೂವತ್ತು ಸಿಲಿಂಡರುಗಳ ಯಂತ್ರವನ್ನು ಹಿಡಿಸಲು ಇದರ ಒಡಲನ್ನು 11 ಇಂಚು, ಅಂದರೆ ತಮ್ಮ ಮಾದರಿಯ ಪ್ರಮಾಣದಲ್ಲಿ 8 ಮಿ.ಮೀ., ಉದ್ದ ಮಾಡಲಾಯಿತು. ಈ ಹೆಚ್ಚುವರಿ ಉದ್ದವೆಲ್ಲ ಹಿಂದಿನ ಎಂಜಿನ್ ಕೋಣೆಗೆ ಸೇರಿದ್ದು. ಆದ್ದರಿಂದ ಅದೇ ಕಾಲದ, 75 ಮಿ.ಮೀ. ಫಿರಂಗಿಯ ಇತರ ಶೆರ್ಮನ್ನುಗಳ ಟರೆಟ್ ಚಿತ್ರಗಳು ತಮಗೆ ಬಹುಮಟ್ಟಿಗೆ ಉಪಯೋಗಕ್ಕೆ ಬರುತ್ತವೆ, ಎಂಜಿನ್ ಕೋಣೆಯ ಚಿತ್ರಗಳು ಬರುವುದಿಲ್ಲ.

ಆಧಾರವಾಗಿ ಮೊದಲು ಹಿಡಿಯಬೇಕಾದದ್ದು ಅಮೆರಿಕದ ಸೇನೆ ಈ ಮಾದರಿಗೆಂದೇ ಮುದ್ರಿಸಿದ ತಾಂತ್ರಿಕ ಕೈಪಿಡಿ, ಟಿ.ಎಂ. 9-754. ಯಾವ ಪೆಟ್ಟಿಗೆ ಯಾವ ಗೋಡೆಗೆ, ಯಾವ ಹಿಡಿಕೆ ಯಾರ ಕೈಗೆ ಎಂಬುದು ಇಂಥ ಕೈಪಿಡಿಗಳಲ್ಲಿ ರೇಖಾಚಿತ್ರ, ಛಾಯಾಚಿತ್ರಗಳ ಸಮೇತ ಸಿಗುತ್ತದೆ. ಎರಡನೆಯದಾಗಿ, ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿರುವ ಬರ್ಮಾ ಯುದ್ಧದ ಛಾಯಾಚಿತ್ರಗಳು. ಅವುಗಳಲ್ಲಿ ಒಳಾಂಗಣ ಅಪರೂಪವಾಗಿ ಕಂಡರೂ, ತೆರೆದ ಮುಚ್ಚಳಗಳು, ಅವುಗಳ ಒಳಮೈಯ ಬಣ್ಣ, ಟ್ಯಾಂಕಿನ ಮೇಲೆ ಕಟ್ಟಿದ ಸಾಮಾನು ಇವೆಲ್ಲ ಚೆನ್ನಾಗಿ ಕಾಣುತ್ತವೆ. ವಸ್ತುಸಂಗ್ರಹಾಲಯಗಳ ಟ್ಯಾಂಕುಗಳನ್ನು ನಾನು ಮೂರನೆಯ ಸಾಲಿನಲ್ಲಿಡುತ್ತೇನೆ. ಇಂಗ್ಲೆಂಡಿನ ಬೋವಿಂಗ್ಟನ್‌ನಲ್ಲಿರುವ ‘ಮೈಕೆಲ್’ ಎಂಬ ಶೆರ್ಮನ್ ಬಹಳ ಪ್ರಸಿದ್ಧವಾದದ್ದು, ಆದರೆ ಅದು ಎರಕದ ಒಡಲಿನ ಎಂ4ಎ1. ಅದನ್ನು ನೋಡಿಕೊಂಡು ತಮ್ಮ ಚಾಲಕನ ಕೋಣೆಯನ್ನು ರಚಿಸಿದರೆ ತಪ್ಪಾಗುತ್ತದೆ. ಅಹ್ಮದ್‌ನಗರದಲ್ಲಿ (ಈಗಿನ ಅಹಿಲ್ಯಾನಗರ) 1994ರಲ್ಲಿ ಆರಂಭವಾದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ನಮಗೆ ಹತ್ತಿರದ್ದು, ಅಲ್ಲಿಗೆ ಹೋಗಿ ಬರುವುದು ಖಂಡಿತ ಸಾರ್ಥಕ. ಆದರೆ ಬಯಲಿನಲ್ಲಿ ನಿಲ್ಲಿಸಿದ ಟ್ಯಾಂಕುಗಳ ಒಳಗೆ ಹಲವೆಡೆ ಸಾಮಾನುಗಳನ್ನು ತೆಗೆದಿರುತ್ತಾರೆ, ಇಲ್ಲವೇ ದಶಕಗಳ ನಂತರ ಬೇರೆ ಬಣ್ಣ ಬಳಿದಿರುತ್ತಾರೆ. ತಾವು ಕಂಡ ತುಕ್ಕುಗೆಂಪಿಗೂ ಹಸಿರಿಗೂ ಇದು ಒಂದು ಕಾರಣವಾಗಿರಬಹುದು.

ಬಣ್ಣದ ಪ್ರಶ್ನೆಗೆ ನೇರ ಉತ್ತರ ಬಿಳಿ. ಮೇಲೆ ಮುಚ್ಚಿರುವ ಅಮೆರಿಕದ ಟ್ಯಾಂಕುಗಳಲ್ಲಿ ಸಿಬ್ಬಂದಿ ಕೂರುವ ಜಾಗಕ್ಕೆ ಬಿಳಿ ಬಳಿಯುತ್ತಿದ್ದರು, ಏಕೆಂದರೆ ಸಣ್ಣ ದೀಪಗಳ ಬೆಳಕಿನಲ್ಲೂ ಐವರು ಕೆಲಸ ಮಾಡಬೇಕಿತ್ತು. ಮೇಲ್ಭಾಗ ತೆರೆದಿದ್ದ ವಾಹನಗಳ ಒಳಗೆ ಹೊರಗಿನ ಹಸಿರೇ ಇರುತ್ತಿತ್ತು. ತಾವು ನೋಡಿದ ಹಸಿರು ಚಿತ್ರ ಅಂಥ ವಾಹನದ್ದೂ ಆಗಿರಬಹುದು. ಇಲ್ಲಿ ಹೆಚ್ಚಿನವರು ತಪ್ಪುವ ಒಂದು ಜಾಗವಿದೆ. ಮುಚ್ಚಳದ ಒಳಮೈಗೆ ಬಿಳಿ ಬಳಿಯಬೇಡಿ, ಅದಕ್ಕೆ ಹೊರಗಿನ ಬಣ್ಣವೇ ಇರಲಿ. ತೆರೆದ ಮುಚ್ಚಳದ ಬಿಳಿ ದೂರದಿಂದಲೇ ಶತ್ರುವಿನ ಕಣ್ಣಿಗೆ ಹೊಡೆಯುತ್ತದೆ ಎಂಬುದು ಸೇನೆಗೆ ಗೊತ್ತಿತ್ತು.

ಇನ್ನು ಏನನ್ನು ಮಾಡಬೇಕು ಎಂಬ ವಿಚಾರ. ಕಣ್ಣಿಗೆ ಬೀಳುವ ಜಾಗವನ್ನು ಮೊದಲು ಅಳೆದುಕೊಳ್ಳಿ. ಎಂ4ಎ4 ಟ್ಯಾಂಕುಗಳ ಟರೆಟ್ಟಿನ ಮೇಲೆ ಸಾಮಾನ್ಯವಾಗಿ ಇದ್ದದ್ದು ಒಂದೇ ದೊಡ್ಡ ಮುಚ್ಚಳ, ಅದೂ ಬಲಗಡೆಗೆ, ಕಮಾಂಡರನ ತಲೆಯ ಮೇಲೆ. ಎಡಗಡೆ ನಿಂತು ಫಿರಂಗಿಗೆ ಗುಂಡು ತುಂಬುವ ಲೋಡರನಿಗೆ ಪ್ರತ್ಯೇಕ ಮುಚ್ಚಳವಿರಲಿಲ್ಲ; ಟ್ಯಾಂಕಿಗೆ ಬೆಂಕಿ ಹತ್ತಿದರೆ ಅವನು ಫಿರಂಗಿಯನ್ನು ಸುತ್ತಿ ಇದೇ ದಾರಿಯಲ್ಲಿ ಹೊರಬರಬೇಕಿತ್ತು. ಈ ಕಂಡಿಯೊಳಗೆ ಇಣುಕಿದರೆ ಕಾಣುವುದು ಕಮಾಂಡರನ ಆಸನ, ಅದರ ಮುಂದೆ ತಗ್ಗಿನಲ್ಲಿ ಗನ್ನರನ ಆಸನದ ಬೆನ್ನು, ಎಡಕ್ಕೆ ಫಿರಂಗಿಯ ಬ್ರೀಚ್ (ಗುಂಡು ತುಂಬುವ ಹಿಂತುದಿ) ಮತ್ತು ಅದು ಹಿಮ್ಮೆಟ್ಟುವಾಗ ಮೈಗೆ ತಾಗದಂತೆ ಹಾಕಿದ ತಡೆ, ಹಿಂದೆ ರೇಡಿಯೋ. ಈ ನಾಲ್ಕನ್ನು ಮನಸ್ಸಿಟ್ಟು ಮಾಡಿ. ಚಾಲಕನ ಮುಚ್ಚಳ ಈ ಮಾದರಿಯಲ್ಲಿ ತೀರ ಚಿಕ್ಕದು, ಅದನ್ನು ಮುಚ್ಚಿಬಿಟ್ಟರೆ ಯಾವ ನಷ್ಟವೂ ಇಲ್ಲ.

ಗುಂಡುಗಳ ವಿಷಯದಲ್ಲಿ ಒಂದು ಸುಂದರವಾದ ಅನುಕೂಲವಿದೆ. 75 ಮಿ.ಮೀ. ಗುಂಡಿನ ಹಿತ್ತಾಳೆಯ ಕೇಸಿನ ಉದ್ದ 350 ಮಿ.ಮೀ., ಆದ್ದರಿಂದ ತಮ್ಮ ಪ್ರಮಾಣದಲ್ಲಿ ಅದು ಸರಿಯಾಗಿ 10 ಮಿ.ಮೀ. ಆಗುತ್ತದೆ. ಗುಂಡಿನ ತಲೆಯ ಅಡ್ಡಳತೆ 2.1 ಮಿ.ಮೀ. ಬರುತ್ತದೆ. ತೆಳುವಾದ ಹಿತ್ತಾಳೆ ಕಡ್ಡಿಯನ್ನು ಸೆಂಟಿಮೀಟರಿನಷ್ಟು ಕತ್ತರಿಸಿ, ಮುಂದಕ್ಕೆ ಉಜ್ಜಿ ಮೊನಚು ಮಾಡಿದ ಪ್ಲಾಸ್ಟಿಕ್ ತುಂಡನ್ನು ಅಂಟಿಸಿದರೆ ಸಾಕು. ಕವಚ ಸೀಳುವ ಗುಂಡಿನ ತಲೆ ಕಪ್ಪು, ಮೇಲೆ ಬಿಳಿ ಅಕ್ಷರ. ಸಿಡಿಯುವ ಗುಂಡಿನ ತಲೆ ಆಲಿವ್ ಹಸಿರು, ಮೇಲೆ ಹಳದಿ ಅಕ್ಷರ. ಬರ್ಮಾದಲ್ಲಿ ಎರಡೂ ಬಗೆಯ ಗುಂಡುಗಳು ಕೈಗೆಟಕುವಂತೆ ಇರಬೇಕಿತ್ತು. ಜಪಾನಿಯರ ಬಂಕರುಗಳ ಮೇಲೆ ಮೊದಲು ಸಿಡಿಯುವ ಗುಂಡುಗಳನ್ನು ಹಾರಿಸಿ ಗಿಡಗಂಟಿಯ ಮರೆಯನ್ನು ಕಿತ್ತೆಸೆದು, ತಮ್ಮ ಕಾಲಾಳುಗಳು ಬಂಕರಿನ ಬಾಯಿಗೆ ತೀರ ಸಮೀಪಿಸಿದ ಮೇಲೆ ಚೂರುಗಳು ಅವರಿಗೇ ತಾಗಬಾರದೆಂದು ಕವಚ ಸೀಳುವ ಗಟ್ಟಿ ಗುಂಡುಗಳನ್ನು ಹಾರಿಸುವ ಪದ್ಧತಿ ಅಲ್ಲಿ ಬೆಳೆದಿತ್ತು. ಎರಡು ಬಣ್ಣದ ತಲೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಆ ಕಾಳಗದ ರೀತಿಯೇ ತಮ್ಮ ಮಾದರಿಯೊಳಗೆ ಬಂದಂತೆ.

ಒಟ್ಟು 97 ಗುಂಡುಗಳಲ್ಲಿ ಬಹುಪಾಲು ಒಡಲಿನ ಪಕ್ಕದ ಗೂಡುಗಳಲ್ಲಿರುತ್ತಿದ್ದವು. ಈ ಗೂಡುಗಳು ಎಲ್ಲಿದ್ದವೆಂದು ಹೊರಗಿನಿಂದಲೇ ತಿಳಿಯಬಹುದು. ಅನೇಕ ಶೆರ್ಮನ್ನುಗಳ ಬಲಪಕ್ಕದಲ್ಲಿ ಎರಡು, ಎಡಪಕ್ಕದಲ್ಲಿ ಒಂದು ಹೆಚ್ಚುವರಿ ಉಕ್ಕಿನ ಹಲಗೆಗಳನ್ನು ಬೆಸುಗೆ ಹಾಕಿರುವುದನ್ನು ತಾವು ಗಮನಿಸಿರಬಹುದು. ಗುಂಡಿನ ಗೂಡುಗಳಿಗೆ ಪೆಟ್ಟು ಬಿದ್ದರೆ ಇಡೀ ಟ್ಯಾಂಕು ಹೊತ್ತಿಕೊಳ್ಳುತ್ತಿದ್ದುದರಿಂದ, ಅವು ಇರುವಲ್ಲಿಗೆ ಸರಿಯಾಗಿ ಈ ಹಲಗೆಗಳನ್ನು ಹಾಕಿದರು.

ಕೊನೆಯದಾಗಿ ಧೂಳು. 1945ರ ಫೆಬ್ರವರಿಯಲ್ಲಿ, ಡೆಕ್ಕನ್ ಹಾರ್ಸ್ ಸೇರಿದ್ದ 255ನೇ ಭಾರತೀಯ ಟ್ಯಾಂಕ್ ಬ್ರಿಗೇಡಿನ ಟ್ಯಾಂಕುಗಳನ್ನು ತೆಪ್ಪಗಳ ಮೇಲೆ ಐರಾವತಿ ನದಿ ದಾಟಿಸಲಾಯಿತು. ಅಲ್ಲಿಂದ ಅವು ಮೇಕ್ಟಿಲಾಗೆ ಸಾಗಿದ್ದು ಮಧ್ಯ ಬರ್ಮಾದ ಒಣನಾಡಿನಲ್ಲಿ, ಮಳೆಯಿಲ್ಲದ ಕಾಲದಲ್ಲಿ. ಬರ್ಮಾ ಎಂದಾಕ್ಷಣ ಕಾಡು, ಕೆಸರು ನೆನಪಾಗುವುದು ಸಹಜ, ಆದರೆ ತಮ್ಮ ಟ್ಯಾಂಕಿನೊಳಗೆ ಇರಬೇಕಾದದ್ದು ನಸುಕಂದು ಧೂಳು. ಬೂಟು ತುಳಿಯುವ ನೆಲದಲ್ಲಿ ಅದು ದಟ್ಟವಾಗಿರಲಿ, ಆಸನದ ಮೇಲೆ ತೆಳುವಾಗಿರಲಿ, ಹೆಗಲಿನ ಮಟ್ಟದ ಬಿಳಿಗೋಡೆಯ ಮೇಲೆ ಕೈಯ ಎಣ್ಣೆಜಿಡ್ಡಿನ ಕಲೆಯಾಗಿರಲಿ.

ಪ್ರಶ್ನೆ: ಶೆರ್ಮನ್ ಟ್ಯಾಂಕಿನ ರೇಡಿಯೋ ಎಂದು ಕೊಟ್ಟಿದ್ದ ಒಂದು ಛಾಯಾಚಿತ್ರದಲ್ಲಿ ಗುಂಡಿಗಳ ಪಕ್ಕದಲ್ಲಿ ಇಂಗ್ಲಿಷಿನ ಜೊತೆಗೆ ರಷ್ಯನ್ ಅಕ್ಷರಗಳಿವೆ. ಅದು ಸೋವಿಯತ್ ಸೇನೆಗೆ ಹೋದ ಟ್ಯಾಂಕಿನದೇ? ಭಾರತೀಯ ರೆಜಿಮೆಂಟಿನ ಮಾದರಿಯಲ್ಲಿ ಅದನ್ನು ಬಳಸಬಾರದಲ್ಲವೇ?
– ವಿದ್ಯಾರ್ಥಿ, ಧಾರವಾಡ

ಉತ್ತರ: ನೀವು ನೋಡಿದ್ದು ಬಹುಶಃ ‘ವೈರ್‌ಲೆಸ್ ಸೆಟ್ ನಂಬರ್ 19’. ಅಮೆರಿಕದ ಸೇನೆ ತನ್ನ ಶೆರ್ಮನ್ನುಗಳಲ್ಲಿ ತನ್ನದೇ ರೇಡಿಯೋಗಳನ್ನು ಇಟ್ಟುಕೊಂಡಿತ್ತು. ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೇನೆಗಳಿಗೆ ಬಂದ ಶೆರ್ಮನ್ನುಗಳಲ್ಲಿ ಅದರ ಜಾಗದಲ್ಲಿ, ಟರೆಟ್ಟಿನ ಹಿಂಬದಿಯ ಉಬ್ಬಿನೊಳಗೆ, ಈ 19ನೇ ಸೆಟ್ ಕೂರುತ್ತಿತ್ತು. ಕೆನಡಾದಲ್ಲಿ ತಯಾರಾದ ಸೆಟ್‌ಗಳಲ್ಲಿ ಬಹಳಷ್ಟನ್ನು ಸೋವಿಯತ್ ಒಕ್ಕೂಟಕ್ಕೂ ಕಳಿಸಬೇಕಿದ್ದುದರಿಂದ ಮುಖಫಲಕದ ಮೇಲೆ ಎರಡೂ ಭಾಷೆಗಳನ್ನು ಮುದ್ರಿಸಿದರು, ಹಾಗೆ ಮುದ್ರಿಸಿದ ಸೆಟ್‌ಗಳು ಕಾಮನ್‌ವೆಲ್ತ್ ಸೇನೆಗಳಿಗೂ ಹಂಚಿಕೆಯಾದವು. ಆದ್ದರಿಂದ ರಷ್ಯನ್ ಅಕ್ಷರ ಕಂಡಮಾತ್ರಕ್ಕೆ ಅದನ್ನು ಕೈಬಿಡಬೇಕಾಗಿಲ್ಲ.

ಯುದ್ಧ ಮುಗಿದ ಮೇಲೆ ಈ ಸೆಟ್‌ಗಳು ಹ್ಯಾಮ್ ರೇಡಿಯೋ ಹವ್ಯಾಸಿಗಳ ಕೈಗೆ ಬಂದವು. ಹಿರಿಯ ಹವ್ಯಾಸಿಯೊಬ್ಬರ ಮನೆಯ ಅಟ್ಟದಿಂದ ಇಳಿಸಿದ ಒಂದು ಸೆಟ್ಟನ್ನು ನಾನು ಬಟ್ಟೆಯಿಂದ ಒರೆಸಿ ನೋಡಿದ್ದೇನೆ. ಧೂಳು ಸರಿದಂತೆ ಒಂದೊಂದೇ ಗುಂಡಿಯ ಕೆಳಗೆ ಇಂಗ್ಲಿಷ್ ಪದ, ಅದರ ಜೊತೆಗೆ ರಷ್ಯನ್ ಪದ ಮೂಡಿಬಂದಾಗ ಆದ ಸಂತೋಷವನ್ನು ಇನ್ನೂ ಮರೆತಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಮೂರು ಕೆಲಸ: ದೂರದ ಸಂಪರ್ಕಕ್ಕೆ ‘ಎ’ ಸೆಟ್, ಪಕ್ಕದ ಟ್ಯಾಂಕುಗಳೊಡನೆ ಮಾತಾಡಲು ‘ಬಿ’ ಸೆಟ್, ಟ್ಯಾಂಕಿನೊಳಗಿನ ಐವರು ಪರಸ್ಪರ ಮಾತಾಡಲು ಇಂಟರ್‌ಕಾಮ್. ಅಗಲ ಸುಮಾರು 44 ಸೆಂ.ಮೀ., ಅಂದರೆ 1:35 ಮಾದರಿಯಲ್ಲಿ 13 ಮಿ.ಮೀ.ಗೆ ತುಸು ಕಡಿಮೆ. ಆ ಅಳತೆಯಲ್ಲಿ ಅಕ್ಷರಗಳನ್ನು ಓದುವಂತೆ ಬರೆಯಲು ಆಗದು. ಗುಂಡಿಗಳ ಜಾಗ ಸರಿಯಾಗಿದ್ದು, ಅಲ್ಲಿಂದ ಹೆಡ್‌ಫೋನಿನ ತಂತಿಗಳು ಕಮಾಂಡರನತ್ತ ಇಳಿಬಿದ್ದಿದ್ದರೆ ಸಾಕು. ಲೋಡರನೇ ರೇಡಿಯೋ ನೋಡಿಕೊಳ್ಳುತ್ತಿದ್ದುದರಿಂದ ಅವನ ಕಡೆಗೂ ಒಂದು ತಂತಿ ಹೋಗಲಿ.

ಪ್ರಶ್ನೆ: ಡೆಕ್ಕನ್ ಹಾರ್ಸ್ 1965ರ ಭಾರತ-ಪಾಕಿಸ್ತಾನ ಯುದ್ಧದ ಅಸಲ್ ಉತ್ತರ್ ಕಾಳಗದಲ್ಲೂ ಶೆರ್ಮನ್ನುಗಳನ್ನೇ ಬಳಸಿತಂತೆ. ಬರ್ಮಾದ ಟ್ಯಾಂಕಿಗೆಂದು ಸಂಗ್ರಹಿಸಿದ ಒಳಾಂಗಣದ ವಿವರಗಳನ್ನು ಆ ಮಾದರಿಗೂ ಬಳಸಬಹುದೇ?
– ಓದುಗರು, ಮೈಸೂರು

ಉತ್ತರ: ಬಳಸಬಾರದು. ರೆಜಿಮೆಂಟು ಅದೇ, ಟ್ಯಾಂಕಿನ ಹೆಸರೂ ಅದೇ, ಆದರೆ ಒಳಗೆ ಬೇರೆಯೇ ಯಂತ್ರ. ಸ್ವಾತಂತ್ರ್ಯಾನಂತರ ಭಾರತದ ಬಳಿ 76 ಮಿ.ಮೀ. ಫಿರಂಗಿಯ ಶೆರ್ಮನ್ನುಗಳೂ ಇದ್ದವು, ಫ್ರೆಂಚರ 75 ಮಿ.ಮೀ. ಫಿರಂಗಿಯನ್ನು ಕೂರಿಸಿದ ಶೆರ್ಮನ್ನುಗಳೂ ಇದ್ದವು. 76 ಮಿ.ಮೀ. ಎಂ4ಎ3 ಮಾದರಿಯಲ್ಲಿ ಗುಂಡುಗಳನ್ನು ಪಕ್ಕದ ಗೂಡುಗಳಿಂದ ತೆಗೆದು ನೆಲದ ಕೆಳಗೆ, ದ್ರವ ತುಂಬಿದ ಆವರಣವಿರುವ ಪೆಟ್ಟಿಗೆಗಳಿಗೆ ಸಾಗಿಸಲಾಗಿತ್ತು. ಸಂಖ್ಯೆಯೂ 71ಕ್ಕೆ ಇಳಿದಿತ್ತು. ತಾವು ಮೊದಲು ಹೊರಗಿನ ಛಾಯಾಚಿತ್ರ ನೋಡಿ ಫಿರಂಗಿ ಯಾವುದೆಂದು ಖಚಿತಪಡಿಸಿಕೊಳ್ಳಿ, ಒಳಗಿನ ಪ್ರಶ್ನೆ ಆಮೇಲೆ.

ಪ್ರಶ್ನೆ: ಎಷ್ಟು ಹುಡುಕಿದರೂ ಕೆಲವು ಮೂಲೆಗಳ ಚಿತ್ರ ಸಿಗುವುದಿಲ್ಲ. ಅಂಥಲ್ಲಿ ಊಹಿಸಿ ಮಾಡಬಹುದೇ?
– ಓದುಗರು, ಬೆಂಗಳೂರು

ಉತ್ತರ: ಅದೇ ಕಾರ್ಖಾನೆಯ, ಅದೇ ಕಾಲದ ಇನ್ನೊಂದು ಟ್ಯಾಂಕಿನಲ್ಲಿ ಆಧಾರವಿದ್ದರೆ ಮಾಡಿ, ಮಾದರಿಯ ಜೊತೆಗಿಡುವ ಟಿಪ್ಪಣಿಯಲ್ಲಿ ಹಾಗೆಂದು ಬರೆಯಿರಿ. ಅದೂ ಇಲ್ಲದಿದ್ದರೆ ಆ ಮೂಲೆಗೆ ಮಡಿಸಿದ ಟಾರ್ಪಾಲನ್ನೋ ಅಲಂಕಾರದ ಪೆಟ್ಟಿಗೆಯನ್ನೋ ತುರುಕಿ ಮುಚ್ಚುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಆ ಇಕ್ಕಟ್ಟಿನಲ್ಲಿ ನಿಜವಾಗಿಯೂ ಐವರು ಕುಳಿತಿದ್ದರು, ಅವರಲ್ಲಿ ಕೆಲವರು ಹೊರಗೆ ಬರಲಿಲ್ಲ. ಮುಚ್ಚಳವನ್ನು ಅರ್ಧ ಇಳಿಸಿ, ಕಮಾಂಡರನ ಗೊಂಬೆಯನ್ನು ಎದೆಮಟ್ಟಕ್ಕೆ ನಿಲ್ಲಿಸಿ. ಆಗ ಆ ಮೂಲೆ ಸಹಜವಾಗಿ ನೆರಳಿಗೆ ಸೇರುತ್ತದೆ.