ಕುರುಬನಿಂದ ಕೇಳಿದ ಲೆಕ್ಕ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ, ಬೈಬಲಿನ 23ನೆಯ ಕೀರ್ತನೆಯ ಮೇಲಿನ ಲೇಖನವನ್ನು ಓದಿ ನೀವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ದೇವರನ್ನು ಕುರುಬನೆಂದ ಕೂಡಲೇ ಮನುಷ್ಯ ಕುರಿಯಾಗುತ್ತಾನೆ, ಕುರಿಗೆ ಸ್ವಂತ ಬುದ್ಧಿಯಿಲ್ಲ, ಆದ್ದರಿಂದ ಈ ರೂಪಕ ತಲೆಬಾಗುವುದನ್ನಷ್ಟೇ ಕಲಿಸುತ್ತದೆ ಎಂಬುದು ಮೊದಲನೆಯದು. "ಕುರಿಯನ್ನು ಸಾಕುವುದು ಉಣ್ಣೆಗೆ, ಕೊನೆಗೆ ಮಾಂಸಕ್ಕೆ. ಇದರಲ್ಲಿ ಪ್ರೀತಿ ಎಲ್ಲಿಂದ ಬಂತು?" ಎಂಬುದು ಎರಡನೆಯದು. ಮೊದಲನೆಯ ಮಾತನ್ನು ಅನೇಕರು ಬರೆದಿದ್ದಾರೆ. ಎರಡನೆಯದನ್ನು ಇಷ್ಟು ನೇರವಾಗಿ ಕೇಳಿದವರು ನೀವೊಬ್ಬರೇ, ಆದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ.

ಈ ರೂಪಕವನ್ನು ಮುಂದಿಟ್ಟುಕೊಂಡು ಜನರ ಬಾಯಿ ಮುಚ್ಚಿಸಿದವರು ಇದ್ದಾರೆಂಬುದನ್ನು ಒಪ್ಪುತ್ತೇನೆ. ಒಂದು ಕ್ರೈಸ್ತ ಸಭೆಯಲ್ಲಿ ಖರ್ಚಿನ ಲೆಕ್ಕ ಕೇಳಿದ ವೃದ್ಧರೊಬ್ಬರಿಗೆ "ಕುರಿ ಕುರುಬನನ್ನು ಪ್ರಶ್ನಿಸುವುದಿಲ್ಲ" ಎಂದು ಅಲ್ಲಿನ ಸಭಾಪಾಲಕರು ಉತ್ತರ ಕೊಟ್ಟದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ಹಿರಿಯರು ಏನೂ ಹೇಳದೆ ಕುಳಿತುಕೊಂಡರು. ಅವರ ಪರವಾಗಿ ಎದ್ದು ನಿಂತು ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯವನ್ನು ಓದಬೇಕಿತ್ತೆಂದು ಇಂದಿಗೂ ಅನ್ನಿಸುತ್ತದೆ.

ಯೆಹೆಜ್ಕೇಲನು ಕ್ರಿ.ಪೂ. 6ನೆಯ ಶತಮಾನದಲ್ಲಿ ಬಾಬಿಲೋನಿಗೆ ಸೆರೆಹೋದವರ ನಡುವೆ ಬಾಳಿದ ಪ್ರವಾದಿ. ಅರಸರು ತಮ್ಮನ್ನು ಪ್ರಜೆಗಳ ಕುರುಬರೆಂದು ಕರೆದುಕೊಳ್ಳುವುದು ಆ ನಾಡುಗಳ ಹಳೆಯ ರೂಢಿ; ಅವನಿಗಿಂತ ಸಾವಿರ ವರ್ಷಕ್ಕೂ ಹಿಂದೆ ಬಾಬಿಲೋನಿನ ಅರಸ ಹಮ್ಮುರಾಬಿ ತನ್ನ ಶಾಸನದ ಪೀಠಿಕೆಯಲ್ಲಿಯೇ ಹಾಗೆ ಕೊರೆಯಿಸಿದ್ದಾನೆ. ಪ್ರವಾದಿ ಅದೇ ಬಿರುದನ್ನು ಹಿಡಿದು ಇಸ್ರಾಯೇಲಿನ ಆಳುವವರನ್ನು ವಿಚಾರಣೆಗೆ ನಿಲ್ಲಿಸುತ್ತಾನೆ: ನೀವು ಕೊಬ್ಬನ್ನು ತಿಂದಿರಿ, ಉಣ್ಣೆಯನ್ನು ಹೊದ್ದಿರಿ, ಕೊಬ್ಬಿದ್ದನ್ನು ಕೊಯ್ದಿರಿ, ಮಂದೆಯನ್ನು ಮಾತ್ರ ಮೇಯಿಸಲಿಲ್ಲ, ರೋಗದ ಕುರಿಗೆ ಮದ್ದು ಮಾಡಲಿಲ್ಲ, ಮುರಿದ ಅಂಗವನ್ನು ಕಟ್ಟಲಿಲ್ಲ, ತಪ್ಪಿಹೋದದ್ದನ್ನು ಹುಡುಕಲಿಲ್ಲ. ನೀವು ಕೇಳಿದ ಉಣ್ಣೆ, ಮಾಂಸ ಎರಡೂ ಈ ಆರೋಪಪಟ್ಟಿಯಲ್ಲಿವೆ. ತೀರ್ಪು ಕೂಡ ಅಲ್ಲೇ ಇದೆ: ದೇವರು ಮಂದೆಯನ್ನು ಅವರ ಕೈಯಿಂದ ಬಿಡಿಸಿಕೊಂಡು, ಇನ್ನು ನಾನೇ ಹುಡುಕುತ್ತೇನೆ, ನಾನೇ ಮೇಯಿಸುತ್ತೇನೆ ಎನ್ನುತ್ತಾನೆ. ಮೇಯಿಸುವ ಹೊಣೆ ಹೊತ್ತವರು ತಾವೇ ಮೇಯುತ್ತಿದ್ದರೆಂಬ ಸಿಟ್ಟಿನಲ್ಲಿ ಹುಟ್ಟಿದ ಮಾತು ಇದು. ಇಂಥ ಅಧ್ಯಾಯದಿಂದ ತಲೆಬಾಗುವ ಪಾಠವನ್ನು ಹೇಗೆ ತೆಗೆಯುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಆ ಕಾಲದ ಕುರುಬನ ಕಸುಬನ್ನೇ ನೋಡಿ. ಮಂದೆ ಅನೇಕ ವೇಳೆ ಇನ್ನೊಬ್ಬರದು, ಅವನು ಉತ್ತರವಾದಿ. ನೆರೆಯವನಿಂದ ಕಾಯಲು ಪಡೆದ ಪ್ರಾಣಿಯನ್ನು ಕಾಡುಮೃಗ ಸೀಳಿದರೆ, ಉಳಿದ ತುಂಡನ್ನು ಸಾಕ್ಷಿಯಾಗಿ ತಂದು ತೋರಿಸಬೇಕೆಂದು ವಿಮೋಚನಕಾಂಡದ 22ನೆಯ ಅಧ್ಯಾಯ ವಿಧಿಸುತ್ತದೆ; ತೋರಿಸಿದರೆ ಅವನು ನಷ್ಟ ತುಂಬಿಕೊಡಬೇಕಾಗಿಲ್ಲ. ಸಿಂಹದ ಬಾಯಿಂದ ಕುರುಬ ಎರಡು ಕಾಲನ್ನೋ ಕಿವಿಯ ಒಂದು ತುಂಡನ್ನೋ ಕಿತ್ತು ತರುವಂತೆ ಎಂದು ಪ್ರವಾದಿ ಆಮೋಸನು ಹೇಳುವಾಗ, ತೆಕೋವ ಎಂಬ ಊರಿನ ಕುರಿಗಾರರ ನಡುವೆ ಬೆಳೆದವನಿಗೆ ಆ ಕಿವಿಯ ತುಂಡಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಅವನು ನುಡಿದದ್ದು ರಾಜಧಾನಿ ಸಮಾರ್ಯದ ನಾಶವನ್ನು, ಆದರೂ ರೂಪಕವನ್ನು ಎತ್ತಿಕೊಂಡದ್ದು ಕಸುಬಿನಿಂದ. ಆದಿಕಾಂಡದ ಯಾಕೋಬನಂತೂ, ತಾನು ಕುರಿ ಕಾಯ್ದ ಮಾವನ ಎದುರು ನಿಂತು, ಸೀಳಿಹೋದ ಕುರಿಗಳ ನಷ್ಟವನ್ನು ನಾನೇ ಹೊತ್ತೆ, ಹಗಲು ಬಿಸಿಲಿನಲ್ಲಿ ಬೆಂದೆ, ರಾತ್ರಿ ಚಳಿಯಲ್ಲಿ ನಡುಗಿದೆ, ನಿದ್ದೆ ನನ್ನ ಕಣ್ಣಿಗೆ ದೂರವಾಯಿತು ಎಂದು 20 ವರ್ಷದ ಲೆಕ್ಕ ಒಪ್ಪಿಸುತ್ತಾನೆ. ಕುರುಬ ಎಂಬ ಪದದೊಳಗೆ ಲೆಕ್ಕ ಕೊಡುವುದು ಸೇರಿಯೇ ಇದೆ.

ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ಈ ಲೆಕ್ಕವನ್ನು ಕೊನೆಯ ಮಿತಿಗೆ ಒಯ್ಯುತ್ತಾನೆ. ತೋಳ ಬರುವುದನ್ನು ಕಂಡು ಕೂಲಿಯಾಳು ಓಡುತ್ತಾನೆ, ಒಳ್ಳೆಯ ಕುರುಬ ಕುರಿಗಳಿಗಾಗಿ ಪ್ರಾಣ ಕೊಡುತ್ತಾನೆ. ಮಾಂಸಕ್ಕಾಗಿ ಸಾಕುವವನು ಕುರಿಗಾಗಿ ಸಾಯುತ್ತಾನೆಯೇ? ಪ್ರಕಟನೆ ಗ್ರಂಥದ 7ನೆಯ ಅಧ್ಯಾಯವು ಇನ್ನೂ ಮುಂದೆ ಹೋಗಿ, ಸಿಂಹಾಸನದ ಮಧ್ಯದಲ್ಲಿರುವ ಕುರಿಮರಿಯೇ, ಅಂದರೆ ಕೊಲ್ಲಲ್ಪಟ್ಟ ಯೇಸುವೇ, ಜನರನ್ನು ಮೇಯಿಸುವುದೆಂದು ಹೇಳುತ್ತದೆ. ಕೊಯ್ಯಲ್ಪಟ್ಟದ್ದೇ ಕಾಯುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ.

ಕುರಿಗೆ ಬುದ್ಧಿಯಿಲ್ಲ ಎಂದಿರಿ. ಯೋಹಾನನ ಅದೇ 10ನೆಯ ಅಧ್ಯಾಯದ ಕುರಿಗಳು ತಮ್ಮವನ ದನಿಯನ್ನು ಗುರುತಿಸುತ್ತವೆ, ಪರಕೀಯನ ದನಿ ಕೇಳಿದರೆ ಓಡಿಹೋಗುತ್ತವೆ. ಹಿಂದೆ ನಿಂತು ಅಟ್ಟುವವನೂ ಅಲ್ಲಿಲ್ಲ. ಕುರುಬ ಮುಂದೆ ನಡೆಯುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ. ನೀವು ಈ ಅಧ್ಯಾಯವನ್ನು ಓದಿದ್ದೀರೆಂದು ನಿಮ್ಮ ಪತ್ರವೇ ಹೇಳುತ್ತದೆ. ಐದನೆಯ ವಚನದಲ್ಲಿ ಸ್ವಲ್ಪ ಅವಸರ ಮಾಡಿದಿರಿ ಅಷ್ಟೇ.

ನಿಮ್ಮನ್ನು ದಾರಿ ತಪ್ಪಿಸಿದ್ದು ಚಿತ್ರಗಳು ಎಂಬುದು ನನ್ನ ಬಲವಾದ ಅನುಮಾನ. ಸಿರಿಯಾದ ದೂರಾ ಯೂರೋಪೊಸ್ ಎಂಬ ಊರಿನಲ್ಲಿ ಕ್ರೈಸ್ತರು ಪ್ರಾರ್ಥನೆಗೆ ಬಳಸುತ್ತಿದ್ದ ಒಂದು ಮನೆ ಸಿಕ್ಕಿದೆ. ಅಲ್ಲಿನ ದೀಕ್ಷಾಸ್ನಾನದ ತೊಟ್ಟಿಯ ಮೇಲಿನ ಗೋಡೆಯಲ್ಲಿ, ಹೆಗಲ ಮೇಲೆ ಕುರಿ ಹೊತ್ತ ಕುರುಬನೊಬ್ಬನಿದ್ದಾನೆ. ಕ್ರಿ.ಶ. 256ರ ಸುಮಾರಿಗೆ ಆ ಊರು ಪರ್ಷಿಯನ್ನರ ವಶವಾದ್ದರಿಂದ ಚಿತ್ರ ಅದಕ್ಕಿಂತ ಹಿಂದಿನದು. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿಯೂ ಇಂಥವನೇ ಇದ್ದಾನೆ, ತುಂಡು ಅಂಗಿ ತೊಟ್ಟ ದುಡಿಮೆಗಾರ. ಇನ್ನು 5ನೆಯ ಶತಮಾನದ ಇಟಲಿಯ ರವೆನ್ನಾಕ್ಕೆ ಬನ್ನಿ: ರೋಮಿನ ರಾಣಿ ಗಲ್ಲಾ ಪ್ಲಾಸಿಡಿಯಾಳ ಹೆಸರಿನ ಸಮಾಧಿಭವನದಲ್ಲಿ ಅದೇ ಕುರುಬ ಚಿನ್ನದ ನಿಲುವಂಗಿ ತೊಟ್ಟು, ಕೋಲಿನ ಬದಲು ಚಿನ್ನದ ಶಿಲುಬೆ ಹಿಡಿದು ಕುಳಿತಿದ್ದಾನೆ. ಚೆಲುವಾದ ಕೆಲಸ, ಅದನ್ನು ಅಲ್ಲಗಳೆಯಲಾರೆ. ಆದರೆ ಹೆಗಲು ಖಾಲಿಯಾಗಿದೆ. ಈಗ ಅಚ್ಚಾಗುವ ಚಿತ್ರಗಳಲ್ಲಿ ತೋಳವೂ ಇಲ್ಲ, ಕಣಿವೆಯೂ ಇಲ್ಲ, ತೊಳೆದು ಬಾಚಿದ ಬಿಳಿ ಮರಿಯೊಂದೇ ಇದೆ. ಹಿಂದೊಮ್ಮೆ ನಮ್ಮ ಮುಖಪುಟಕ್ಕೆ ಕಲಾವಿದರು ಕುರುಬನ ಕೈಗೆ ದಪ್ಪ ದೊಣ್ಣೆ ಕೊಟ್ಟು, ಮೊಣಕೈಯಲ್ಲಿ ಹಸಿ ಗಾಯ ಬರೆದಿದ್ದರು. ಓದುಗರಿಗೆ ಹಿಡಿಸದೆಂದು ಎರಡನ್ನೂ ಅಳಿಸಲು ಹೇಳಿದವನು ನಾನು. ಆ ಅಂಜಿಕೆಗೆ ಇಂದಿಗೂ ನಾಚುತ್ತೇನೆ. ಕೀರ್ತನೆಯಲ್ಲಿ ಧೈರ್ಯ ಕೊಡುವುದು ದೊಣ್ಣೆಯೇ, ಕುರುಬನಾಗಿದ್ದ ದಾವೀದನು ಮರಿಯನ್ನು ಬಿಡಿಸಿದ್ದೂ ಸಿಂಹ, ಕರಡಿಗಳನ್ನು ಹೊಡೆದೇ.

ಹೊಣೆಯನ್ನು ಹೀಗೆ ಅಳಿಸುತ್ತ ಹೋದರೆ ಉಳಿಯುವುದು ಬಿರುದು. ಹಿಂದಿನವರಿಗೆ ಈ ಭಯವಿತ್ತು. ಯೆಹೆಜ್ಕೇಲನ ಇದೇ ಅಧ್ಯಾಯದ ಮೇಲೆ ಉಪದೇಶ ಮಾಡಿದ ಹಿಪ್ಪೋದ ಧರ್ಮಾಧ್ಯಕ್ಷ ಅಗಸ್ಟೀನರು, ಕ್ರೈಸ್ತರಾಗಿರುವುದು ನಮಗಾಗಿ, ಧರ್ಮಾಧ್ಯಕ್ಷರಾಗಿರುವುದು ನಿಮಗಾಗಿ ಎಂಬ ಅರ್ಥದಲ್ಲಿ ತಮ್ಮ ಜನರೆದುರು ಮಾತನಾಡಿದರು. 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಯಾಜಕರಿಗೆ ಕುರಿಗಳ ವಾಸನೆ ಹತ್ತಿದ ಕುರುಬರಾಗಿರಿ ಎಂದರು. ಪುನರುತ್ಥಾನದ ನಂತರ ಯೇಸು ತನ್ನ ಶಿಷ್ಯ ಪೇತ್ರನಿಗೆ ಮೂರು ಸಲ ಹೇಳಿದ್ದೂ "ನನ್ನ" ಕುರಿಮರಿಗಳನ್ನು, "ನನ್ನ" ಕುರಿಗಳನ್ನು ಕಾಯಿ ಎಂದೇ. ಪೇತ್ರನ ಕುರಿಗಳು ಎಂಬ ಮಾತು ಅಲ್ಲಿ ಒಮ್ಮೆಯೂ ಬರುವುದಿಲ್ಲ.

ಒಂದು ಕೊನೆಯ ಕೋರಿಕೆ. 23ನೆಯ ಕೀರ್ತನೆಯನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ. ಹುಲ್ಲುಗಾವಲು, ತಿಳಿನೀರು ಇರುವಷ್ಟು ಹೊತ್ತು ಕವಿ ದೇವರನ್ನು "ಆತನು" ಎನ್ನುತ್ತಾನೆ. ನಾಲ್ಕನೆಯ ವಚನದಲ್ಲಿ ಕಣಿವೆಯ ಕತ್ತಲೆ ಕವಿದೊಡನೆ ಆ "ಆತನು" ಹೋಗಿ "ನೀನು" ಬರುತ್ತದೆ: ನೀನು ನನ್ನ ಹತ್ತಿರ ಇರುತ್ತೀ. ಆ ಸಾಲು ಓದುವಾಗ ಏನನ್ನಿಸಿತೆಂದು ಬರೆಯಿರಿ. ಒಪ್ಪದಿದ್ದರೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಪುಟ ಕಾದಿರಿಸಿದ್ದೇನೆ.

– ಸಂಪಾದಕ